ಎರವಲು ಶ್ವಾಸಕೋಶವನ್ನು ದೇಹ ವರ್ಷಗಳ ನಂತರವೂ ಏಕೆ ತಿರಸ್ಕರಿಸುತ್ತದೆ?

ಕಸಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ತೋಟ. ನಾಟಿ ಮಾವಿನ ಸಸಿಯ ತುದಿ ಕತ್ತರಿಸಿ, ಅದರ ಮೇಲೆ ಬಾದಾಮಿ ಮಾವಿನ ಕಡ್ಡಿಯನ್ನು ಕೂರಿಸಿ ಬಿಗಿಯಾಗಿ ಕಟ್ಟಿದರೆ ಕೆಲವು ವಾರಗಳಲ್ಲಿ ಎರಡೂ ಬೆಸೆದುಕೊಳ್ಳುತ್ತವೆ. ಮುಂದೆ ಹತ್ತಾರು ವರ್ಷ ಬೇರು ಒಂದರದು, ಹಣ್ಣು ಇನ್ನೊಂದರದು. ಈ ಕೊಂಬೆ ನನ್ನದಲ್ಲ ಎಂದು ಬುಡ ಒಂದು ದಿನವೂ ತಕರಾರು ತೆಗೆಯುವುದಿಲ್ಲ.

ಮನುಷ್ಯರ ಅಂಗಾಂಗಗಳ ವಿಷಯದಲ್ಲೂ ನಾವು ಇದೇ ಪದ ಬಳಸುತ್ತೇವೆ. ಆದರೆ ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಮೈಯೆಲ್ಲ ಸುತ್ತಾಡುತ್ತ ಪರಕೀಯರನ್ನು ಹುಡುಕುವ ಕಾವಲು ಕೋಶಗಳು ಗಿಡಗಳಲ್ಲಿಲ್ಲ, ನಮ್ಮಲ್ಲಿವೆ. ಇನ್ನೊಬ್ಬರ ಅಂಗ ನಮ್ಮ ಮೈ ಸೇರಿದ ಕ್ಷಣದಿಂದ ಅವುಗಳ ಕೆಲಸ ಶುರು. ಮೂತ್ರಪಿಂಡ, ಯಕೃತ್ತು, ಹೃದಯ ಎಲ್ಲವೂ ಈ ಪರೀಕ್ಷೆಯನ್ನು ಎದುರಿಸಬೇಕು. ಅವುಗಳ ನಡುವೆ ಅತಿ ಹೆಚ್ಚು ತೊಂದರೆಗೆ ಸಿಕ್ಕಿಕೊಳ್ಳುವುದು ಶ್ವಾಸಕೋಶ. ಕಸಿ ಮಾಡಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಐದು ವರ್ಷಗಳೊಳಗೆ 'ದೀರ್ಘಕಾಲೀನ ತಿರಸ್ಕಾರ' ಕಾಣಿಸಿಕೊಳ್ಳುತ್ತದೆ.

ಇದು ಏಕೆ ಆಗುತ್ತದೆ? ದಿನವೂ ಮಾತ್ರೆ ನುಂಗುತ್ತಿದ್ದರೂ ರೋಗನಿರೋಧಕ ವ್ಯವಸ್ಥೆ ಸುಮ್ಮನಾಗುವುದಿಲ್ಲವೇಕೆ? 'ಇಮ್ಯೂನಿಟಿ ಹೆಚ್ಚಿದಷ್ಟೂ ಒಳ್ಳೆಯದು' ಎಂಬ ಮಾತು ಇವರ ಪಾಲಿಗೆ ಅಪಾಯಕಾರಿ ಆಗುವುದು ಹೇಗೆ? ಒಂದೊಂದಾಗಿ ನೋಡೋಣ.

ಹದಿನೆಂಟು ದಿನದಿಂದ ಹಲವು ವರ್ಷಗಳವರೆಗೆ

ಮನುಷ್ಯರಲ್ಲಿ ಮೊದಲ ಶ್ವಾಸಕೋಶ ಕಸಿ ನಡೆದದ್ದು 1963ರ ಜೂನ್ 11ರಂದು, ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ. ಶಸ್ತ್ರಚಿಕಿತ್ಸೆ ಮಾಡಿದವರು ಡಾ. ಜೇಮ್ಸ್ ಹಾರ್ಡಿ. ರೋಗಿ ಬದುಕಿದ್ದು 18 ದಿನ ಮಾತ್ರ. ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಜಗತ್ತಿನ ಬೇರೆ ಬೇರೆ ಕಡೆ ನಡೆದ ಪ್ರಯತ್ನಗಳೂ ಹೆಚ್ಚಿನ ಫಲ ಕೊಡಲಿಲ್ಲ. ಬೆಲ್ಜಿಯಂನ ಗೆಂಟ್ ನಗರದಲ್ಲಿ 1968ರಲ್ಲಿ ಕಸಿ ಮಾಡಿಸಿಕೊಂಡ ಒಬ್ಬರು ಸುಮಾರು ಹತ್ತು ತಿಂಗಳು ಬದುಕಿದ್ದೇ ಆ ಕಾಲದ ದೊಡ್ಡ ಸಾಧನೆ.

ಪರಿಸ್ಥಿತಿಯನ್ನು ಬದಲಿಸಿದ್ದು ಒಂದು ಶಿಲೀಂಧ್ರ. ನಾರ್ವೆಯ ಪ್ರಸ್ಥಭೂಮಿಯೊಂದರ ಮಣ್ಣಿನಲ್ಲಿ ದೊರೆತ ಶಿಲೀಂಧ್ರದಿಂದ ಪ್ರತ್ಯೇಕಿಸಿದ 'ಸೈಕ್ಲೋಸ್ಪೋರಿನ್' ಎಂಬ ವಸ್ತುವಿಗೆ ರೋಗನಿರೋಧಕ ಕೋಶಗಳನ್ನು ಹತೋಟಿಯಲ್ಲಿಡುವ ಗುಣವಿದೆಯೆಂದು 1970ರ ದಶಕದಲ್ಲಿ ತಿಳಿಯಿತು. ಆ ಔಷಧದ ಬೆಂಬಲದಿಂದ 1981ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಹೃದಯ ಮತ್ತು ಶ್ವಾಸಕೋಶಗಳನ್ನು ಒಟ್ಟಿಗೆ ಕಸಿ ಮಾಡುವ ಪ್ರಯತ್ನ ಯಶಸ್ವಿಯಾಯಿತು. 1983ರಲ್ಲಿ ಕೆನಡಾದ ಟೊರಾಂಟೊದಲ್ಲಿ ಡಾ. ಜೋಯೆಲ್ ಕೂಪರ್ ತಂಡ ಒಂದು ಶ್ವಾಸಕೋಶವನ್ನು ಕಸಿ ಮಾಡಿದಾಗ ರೋಗಿ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು.

ಗೆದ್ದೆವು ಎನ್ನುವಷ್ಟರಲ್ಲಿ ಹೊಸ ಸಮಸ್ಯೆ ಎದುರಾಯಿತು. ಚೆನ್ನಾಗಿ ಚೇತರಿಸಿಕೊಂಡು ಮನೆಗೆ ಹೋಗಿದ್ದ ಕೆಲವರಿಗೆ ತಿಂಗಳು ವರ್ಷಗಳ ನಂತರ ಮೆಲ್ಲಮೆಲ್ಲನೆ ಏದುಸಿರು ಶುರುವಾಗುತ್ತಿತ್ತು. 1984ರಲ್ಲಿ ಸ್ಟ್ಯಾನ್‌ಫೋರ್ಡ್ ವೈದ್ಯರು ಇಂಥವರ ಶ್ವಾಸಕೋಶದಲ್ಲಿ ತೀರಾ ಸಣ್ಣ ಗಾಳಿಕೊಳವೆಗಳು ಗಾಯದ ಕಲೆಯಿಂದ ಮುಚ್ಚಿಹೋಗಿರುವುದನ್ನು ವರದಿ ಮಾಡಿದರು. ದೀರ್ಘಕಾಲೀನ ತಿರಸ್ಕಾರದ ಮೊದಲ ಸ್ಪಷ್ಟ ಚಿತ್ರ ಅದು.

ತಿರಸ್ಕಾರದಲ್ಲಿ ಮೂರು ಬಗೆ

ತಿರಸ್ಕಾರ ಎಂದಾಕ್ಷಣ ದೇಹ ಅಂಗವನ್ನು ಹೊರಗೆ ತಳ್ಳಿಬಿಡುತ್ತದೆ ಎಂಬ ಕಲ್ಪನೆ ಹಲವರಲ್ಲಿದೆ. ಅದು ಹಾಗಲ್ಲ. ಅಂಗ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಒಳಗಿನಿಂದ ದಾಳಿ ನಡೆಯುತ್ತದೆ. ದಾಳಿಯ ವೇಗವನ್ನು ನೋಡಿ ಮೂರು ಬಗೆಗಳನ್ನು ಗುರುತಿಸಲಾಗಿದೆ.

ಮೊದಲನೆಯದು ತಕ್ಷಣದ ತಿರಸ್ಕಾರ. ಅಂಗಕ್ಕೆ ರಕ್ತ ಹರಿದ ನಿಮಿಷಗಳಿಂದ ಗಂಟೆಗಳೊಳಗೆ ನಡೆಯುವಂಥದ್ದು. ಕಸಿಗೆ ಮುಂಚೆಯೇ ರೋಗಿಯ ರಕ್ತದಲ್ಲಿ ದಾನಿಯ ಕೋಶಗಳ ವಿರುದ್ಧ ಪ್ರತಿಕಾಯಗಳು ಇದ್ದರೆ ಹೀಗಾಗುತ್ತದೆ. ಹಿಂದೆ ರಕ್ತ ಪಡೆದವರಲ್ಲಿ, ಗರ್ಭ ಧರಿಸಿದ್ದ ಮಹಿಳೆಯರಲ್ಲಿ, ಮೊದಲೊಮ್ಮೆ ಕಸಿಯಾದವರಲ್ಲಿ ಇಂಥ ಪ್ರತಿಕಾಯಗಳು ಇರಬಹುದು. ಈಗ ಕಸಿಗೆ ಮುನ್ನವೇ ರಕ್ತಪರೀಕ್ಷೆಯಿಂದ ಇದನ್ನು ಪತ್ತೆಹಚ್ಚುವುದರಿಂದ ಇದು ಬಲು ಅಪರೂಪ.

ಎರಡನೆಯದು ತೀವ್ರ ತಿರಸ್ಕಾರ. ಹೆಚ್ಚಾಗಿ ಮೊದಲ ವಾರಗಳಿಂದ ಮೊದಲ ವರ್ಷದೊಳಗೆ ಕಾಣಿಸುತ್ತದೆ. ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ಅಂಗಕ್ಕೆ ನುಗ್ಗಿ ರಕ್ತನಾಳ ಮತ್ತು ಗಾಳಿಕೊಳವೆಗಳ ಸುತ್ತ ಜಮಾಯಿಸುತ್ತವೆ. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೊಟ್ಟರೆ ಸಾಮಾನ್ಯವಾಗಿ ತಗ್ಗುತ್ತದೆ. ಆದರೆ ಪದೇ ಪದೇ ಬಂದರೆ ಮುಂದಿನ ತೊಂದರೆಗೆ ಅಡಿಪಾಯವಾಗುತ್ತದೆ.

ಮೂರನೆಯದೇ ದೀರ್ಘಕಾಲೀನ ತಿರಸ್ಕಾರ. ಇದು ಸದ್ದಿಲ್ಲದೆ ಬರುತ್ತದೆ. ಜ್ವರವಿಲ್ಲ, ಎದೆನೋವಿಲ್ಲ. ಮೆಟ್ಟಿಲು ಹತ್ತುವಾಗ ಕಳೆದ ತಿಂಗಳಿಗಿಂತ ಸ್ವಲ್ಪ ಹೆಚ್ಚು ಆಯಾಸ, ಅಷ್ಟೆ. ಆ ಹೊತ್ತಿಗೆ ಒಳಗೆ ಸಾಕಷ್ಟು ಹಾನಿಯಾಗಿರುತ್ತದೆ. ಹಾನಿಯಾದ ಭಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ ಎಂಬುದೇ ಇದರ ಕ್ರೂರ ಮುಖ.

'ನಮ್ಮವರು' ಯಾರು, 'ಹೊರಗಿನವರು' ಯಾರು?

ನಮ್ಮ ದೇಹದ ಬಹುತೇಕ ಎಲ್ಲ ಕೋಶಗಳೂ ಹೊರಮೈಮೇಲೆ ಗುರುತಿನ ಚೀಟಿ ತಗಲಿಸಿಕೊಂಡಿರುತ್ತವೆ. ಎಚ್‌ಎಲ್‌ಎ ಎಂದು ಕರೆಯುವ ಪ್ರೋಟೀನುಗಳವು. ಆರನೆಯ ವರ್ಣತಂತುವಿನಲ್ಲಿರುವ ಜೀನುಗಳು ಇವನ್ನು ತಯಾರಿಸುತ್ತವೆ. ಈ ಜೀನುಗಳಿಗೆ ಸಾವಿರಾರು ರೂಪಗಳಿವೆ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುವುದರಿಂದ ಒಬ್ಬರ ಚೀಟಿ ಇನ್ನೊಬ್ಬರದರ ಜತೆ ಪೂರ್ತಿ ಹೊಂದುವುದು ವಿರಳ.

ಈ ಚೀಟಿಯ ನಿಜವಾದ ಕೆಲಸ ಕಸಿಯನ್ನು ತಡೆಯುವುದಲ್ಲ. ಕೋಶದೊಳಗೆ ಏನು ನಡೆಯುತ್ತಿದೆ ಎಂಬುದರ ಮಾದರಿ ತುಣುಕುಗಳನ್ನು ಹೊರಗೆ ಎತ್ತಿ ತೋರಿಸುವುದು. ವೈರಸ್ ಹೊಕ್ಕಿದ್ದರೆ ಅದರ ತುಣುಕೂ ಅಲ್ಲಿ ಕಾಣುತ್ತದೆ. ಟಿ-ಕೋಶ ಅದನ್ನು ಓದಿ ದಾಳಿ ಮಾಡುತ್ತದೆ. ಅಂದರೆ ಸೋಂಕಿನಿಂದ ನಮ್ಮನ್ನು ಕಾಪಾಡುವ ಏರ್ಪಾಡೇ ಕಸಿ ಅಂಗಕ್ಕೆ ಶತ್ರುವಾಗುತ್ತದೆ.

ದಾನಿಯ ಅಂಗವನ್ನು ಟಿ-ಕೋಶಗಳು ಎರಡು ಮುಖ್ಯ ದಾರಿಗಳಲ್ಲಿ ಗುರುತಿಸುತ್ತವೆ. ಒಂದು, ನೇರ ದಾರಿ. ಶ್ವಾಸಕೋಶದ ಜತೆಗೆ ದಾನಿಯ ಕಾವಲು ಕೋಶಗಳೂ ಪ್ರಯಾಣಿಕರಂತೆ ಬಂದಿರುತ್ತವೆ. ಅವು ರೋಗಿಯ ದುಗ್ಧಗ್ರಂಥಿಗಳಿಗೆ ಹೋದಾಗ ಅಲ್ಲಿನ ಟಿ-ಕೋಶಗಳು ಪರಕೀಯ ಚೀಟಿಯನ್ನು ನೇರವಾಗಿ ನೋಡುತ್ತವೆ. ಪ್ರತಿಕ್ರಿಯೆ ಬಹಳ ಜೋರು. ಸಾಮಾನ್ಯ ರೋಗಾಣುವೊಂದರ ತುಣುಕನ್ನು ಗುರುತಿಸಬಲ್ಲ ಟಿ-ಕೋಶಗಳು ಲಕ್ಷಕ್ಕೆ ಕೆಲವೇ ಇರುತ್ತವೆ. ಪರಕೀಯ ಎಚ್‌ಎಲ್‌ಎ ಕಂಡಾಗ ಕೆರಳುವ ಟಿ-ಕೋಶಗಳು ನೂರಕ್ಕೆ ಒಂದರಿಂದ ಹತ್ತರಷ್ಟು! ಆರಂಭದ ತೀವ್ರ ತಿರಸ್ಕಾರದ ಹಿಂದಿರುವುದು ಮುಖ್ಯವಾಗಿ ಈ ದಾರಿ.

ಇನ್ನೊಂದು, ಪರೋಕ್ಷ ದಾರಿ. ದಾನಿಯ ಪ್ರಯಾಣಿಕ ಕೋಶಗಳು ದಿನ ಕಳೆದಂತೆ ಸತ್ತುಹೋಗುತ್ತವೆ. ಆದರೆ ಕಸಿ ಅಂಗದಿಂದ ಉದುರುವ ಪ್ರೋಟೀನ್ ಚೂರುಗಳನ್ನು ರೋಗಿಯದೇ ಕಾವಲು ಕೋಶಗಳು ಹೆಕ್ಕಿ, ಅರೆದು, ಟಿ-ಕೋಶಗಳಿಗೆ ತೋರಿಸುತ್ತಲೇ ಇರುತ್ತವೆ. ಅಂಗ ಇರುವವರೆಗೂ ಈ ಚೂರುಗಳ ಪೂರೈಕೆ ನಿಲ್ಲದು. ದೀರ್ಘಕಾಲೀನ ತಿರಸ್ಕಾರದಲ್ಲಿ ಈ ದಾರಿಯ ಪಾತ್ರವೇ ದೊಡ್ಡದು. 'ಇಷ್ಟು ವರ್ಷ ಆಯಿತಲ್ಲ, ಇನ್ನು ಒಗ್ಗಿಕೊಂಡಿರಬೇಕು' ಎಂಬ ಲೆಕ್ಕಾಚಾರ ತಪ್ಪುವುದು ಇಲ್ಲಿ.

ಶ್ವಾಸಕೋಶವೇ ಏಕೆ ಹೆಚ್ಚು ನರಳುತ್ತದೆ?

ಮೂತ್ರಪಿಂಡ, ಹೃದಯಗಳು ಮೈಯೊಳಗೆ ಮುಚ್ಚಿದ ಕೋಣೆಯಲ್ಲಿರುವ ಅಂಗಗಳು. ಶ್ವಾಸಕೋಶ ಹಾಗಲ್ಲ, ಅದರ ಬಾಗಿಲು ಸದಾ ಬೀದಿಗೆ ತೆರೆದಿರುತ್ತದೆ. ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್ ಗಾಳಿ ಒಳಗೆ ಹೋಗಿ ಬರುತ್ತದೆ. ಅದರೊಂದಿಗೆ ದೂಳು, ಹೊಗೆ, ವೈರಸ್, ಬ್ಯಾಕ್ಟೀರಿಯ, ಬೂಸ್ಟಿನ ಕಣ ಎಲ್ಲವೂ.

ಇಷ್ಟೊಂದು ಅಪಾಯ ಎದುರಿಸುವ ಅಂಗದಲ್ಲಿ ಕಾವಲು ಕೋಶಗಳು ಸಹಜವಾಗಿಯೇ ದಟ್ಟವಾಗಿರುತ್ತವೆ. ಅಂದರೆ ಕದನ ಹೂಡಲು ಬೇಕಾದ ಸಾಮಗ್ರಿಯೆಲ್ಲ ಅಲ್ಲಿ ಸಿದ್ಧವಿರುತ್ತದೆ. ಜತೆಗೆ ಕಸಿ ಶಸ್ತ್ರಚಿಕಿತ್ಸೆಯಲ್ಲಿ ಶ್ವಾಸಕೋಶದ ನರಗಳೂ ದುಗ್ಧನಾಳಗಳೂ ಕತ್ತರಿಸಿಹೋಗುತ್ತವೆ. ಗಾಳಿಕೊಳವೆಗಳ ಗೋಡೆಗೆ ರಕ್ತ ಕೊಡುವ ಸಣ್ಣ ಅಪಧಮನಿಗಳನ್ನು ಸಾಮಾನ್ಯವಾಗಿ ಮರುಜೋಡಿಸುವುದಿಲ್ಲ. ಕೆಮ್ಮುವ ಪ್ರತಿವರ್ತನೆ ಮಂಕಾಗುತ್ತದೆ. ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳೂ ಮೊದಲಿನಷ್ಟು ಚುರುಕಾಗಿರುವುದಿಲ್ಲ. ಹೀಗಾಗಿ ಒಳಗೆ ಹೋದದ್ದು ಒಳಗೇ ಉಳಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು ಅನಿರೀಕ್ಷಿತ ಮೂಲ ಹೊಟ್ಟೆ. ಜಠರದ ಆಮ್ಲ, ಪಿತ್ತರಸ ಮೇಲಕ್ಕೆ ಉಕ್ಕಿ, ನಿದ್ದೆಯಲ್ಲಿ ಹನಿಹನಿಯಾಗಿ ಶ್ವಾಸನಾಳಕ್ಕೆ ಇಳಿದರೆ ಅದೂ ಗಾಯ ಮಾಡುತ್ತದೆ. ಆದ್ದರಿಂದಲೇ ಕಸಿಯಾದವರ ಎದೆಯುರಿಯನ್ನು ವೈದ್ಯರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಪ್ರತಿ ಗಾಯವೂ ರೋಗನಿರೋಧಕ ವ್ಯವಸ್ಥೆಗೆ ಒಂದು ಕರೆಗಂಟೆ. ಫ್ಲೂ, ಆರ್‌ಎಸ್‌ವಿ, ಸೈಟೊಮೆಗಾಲೊ ವೈರಸ್, ಸ್ಯೂಡೊಮೊನಾಸ್ ಬ್ಯಾಕ್ಟೀರಿಯ, ಆಸ್ಪರ್‌ಜಿಲಸ್ ಬೂಸ್ಟು ಇವು ಬಂದು ಹೋದ ಮೇಲೆ ದೀರ್ಘಕಾಲೀನ ತಿರಸ್ಕಾರದ ಸಾಧ್ಯತೆ ಹೆಚ್ಚುವುದು ಕಂಡುಬಂದಿದೆ. ಸೋಂಕನ್ನು ಹೊಡೆಯಲು ಬಂದ ಕೋಶಗಳು ಅಲ್ಲಿರುವ ಪರಕೀಯ ಚೀಟಿಗಳನ್ನೂ ಗಮನಿಸಿಬಿಡುತ್ತವೆ.

ಗಾಯದಿಂದ ಕಲೆಯವರೆಗೆ: ಒಳಗೆ ನಡೆಯುವುದೇನು?

ದೀರ್ಘಕಾಲೀನ ತಿರಸ್ಕಾರದಲ್ಲಿ ಒಬ್ಬನೇ ಅಪರಾಧಿ ಇಲ್ಲ. ರೋಗನಿರೋಧಕ ವ್ಯವಸ್ಥೆಯ ಹಲವು ವಿಭಾಗಗಳು ಒಂದರ ಹಿಂದೊಂದು, ಕೆಲವೊಮ್ಮೆ ಒಟ್ಟಿಗೇ ಕೆಲಸ ಮಾಡುತ್ತವೆ.

ಟಿ-ಕೋಶಗಳು: ಸಹಾಯಕ ಟಿ-ಕೋಶಗಳು ರಾಸಾಯನಿಕ ಸಂದೇಶ ಕಳಿಸಿ ಉಳಿದವರನ್ನು ಕರೆಯುತ್ತವೆ, ಕೊಲ್ಲುವ ಟಿ-ಕೋಶಗಳು ಗಾಳಿಕೊಳವೆಗಳ ಒಳಪದರವನ್ನು ನೇರವಾಗಿ ನಾಶ ಮಾಡುತ್ತವೆ.

ಬಿ-ಕೋಶಗಳು ಮತ್ತು ಪ್ರತಿಕಾಯಗಳು: ಸಹಾಯಕ ಟಿ-ಕೋಶಗಳ ಕುಮ್ಮಕ್ಕಿನಿಂದ ಬಿ-ಕೋಶಗಳು ದಾನಿಯ ಎಚ್‌ಎಲ್‌ಎ ವಿರುದ್ಧ ಪ್ರತಿಕಾಯಗಳನ್ನು ತಯಾರಿಸತೊಡಗುತ್ತವೆ. ಕಸಿಗೆ ಮುಂಚೆ ಇಲ್ಲದಿದ್ದ ಈ ಪ್ರತಿಕಾಯಗಳು ನಂತರ ಹುಟ್ಟಿಕೊಂಡರೆ ಅದು ಕೆಟ್ಟ ಸೂಚನೆ. ಇವು ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡು ಹಾನಿ ಮಾಡುತ್ತವೆ.

ತನ್ನದೇ ಪ್ರೋಟೀನಿನ ಮೇಲೆ ಮುನಿಸು: ಶ್ವಾಸಕೋಶದಲ್ಲಿ ಐದನೆಯ ಬಗೆಯ ಕೊಲಾಜನ್ ಎಂಬ ಪ್ರೋಟೀನ್ ಇದೆ. ಇದು ಎಲ್ಲ ಮನುಷ್ಯರಲ್ಲೂ ಒಂದೇ. ದಾನಿಯದೆಂದೂ ರೋಗಿಯದೆಂದೂ ಭೇದವಿಲ್ಲ. ಸಾಮಾನ್ಯವಾಗಿ ಇದು ಬೇರೆ ಕೊಲಾಜನ್ ಎಳೆಗಳೊಳಗೆ ಅಡಗಿರುವುದರಿಂದ ಕಾವಲು ಕೋಶಗಳ ಕಣ್ಣಿಗೆ ಬೀಳದು. ಪದೇ ಪದೇ ಗಾಯವಾದಾಗ ಹೊರಗೆ ತೆರೆದುಕೊಳ್ಳುತ್ತದೆ, ಆಗ ದೇಹ ಅದನ್ನೂ ಪರಕೀಯವೆಂದೇ ಭಾವಿಸಬಹುದು. ಕಸಿ ತಿರಸ್ಕಾರವೆಂದು ಶುರುವಾದದ್ದು ಹೀಗೆ ಸ್ವಯಂ-ದಾಳಿಯ ರೂಪವನ್ನೂ ಪಡೆಯುತ್ತದೆ.

ನ್ಯೂಟ್ರೋಫಿಲ್‌ಗಳು: ಸೋಂಕಿನ ಜಾಗಕ್ಕೆ ಮೊದಲು ಓಡಿಬರುವ ಬಿಳಿ ರಕ್ತಕಣಗಳಿವು. ಐಎಲ್-17, ಐಎಲ್-8 ಮುಂತಾದ ಸಂದೇಶಗಳ ಸೆಳೆತಕ್ಕೆ ಗಾಳಿಕೊಳವೆಗಳಲ್ಲಿ ಗುಂಪುಗೂಡಿ, ಅಂಗಾಂಶವನ್ನು ಕರಗಿಸುವ ಕಿಣ್ವಗಳನ್ನು ಸುರಿಯುತ್ತವೆ.

ನಾರು ನೇಯುವ ಕೋಶಗಳು: ಕೊನೆಗೆ ಬರುವುದು ದುರಸ್ತಿ ತಂಡ. ಕೈಗೆ ಗಾಯವಾದರೆ ಮಾಯುವಾಗ ಗಟ್ಟಿ ಕಲೆ ಉಳಿಯುತ್ತದಲ್ಲ, ಅಂಥದ್ದೇ ಕಲೆಯನ್ನು ಈ ಕೋಶಗಳು ಕಟ್ಟುತ್ತವೆ. ಚರ್ಮದ ಮೇಲೆ ಕಲೆ ಉಳಿದರೆ ನಷ್ಟವೇನಿಲ್ಲ. ಎರಡು ಮಿಲಿಮೀಟರಿಗಿಂತ ಕಿರಿದಾದ ಗಾಳಿಕೊಳವೆಯೊಳಗೆ ಕಲೆ ಬೆಳೆದರೆ ದಾರಿಯೇ ಮುಚ್ಚುತ್ತದೆ. ಹೊರಗೆ ಹೋಗಬೇಕಾದ ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಇದರ ಹಿಂದಿರುವುದು ರೋಗನಿರೋಧಕ ವ್ಯವಸ್ಥೆಯೇ ಎಂಬುದಕ್ಕೆ ಮೂಳೆಮಜ್ಜೆ ಕಸಿಯಿಂದಲೂ ಒಂದು ಸಾಕ್ಷ್ಯ ಸಿಗುತ್ತದೆ. ಅಲ್ಲಿ ಶ್ವಾಸಕೋಶ ರೋಗಿಯದೇ. ಎರವಲು ಬಂದದ್ದು ರೋಗನಿರೋಧಕ ಕೋಶಗಳನ್ನು ತಯಾರಿಸುವ ಮಜ್ಜೆ. ಅಂಥವರಲ್ಲೂ ಕೆಲವರಿಗೆ ಇದೇ ರೀತಿ ಸಣ್ಣ ಗಾಳಿಕೊಳವೆಗಳು ಮುಚ್ಚಿಹೋಗುತ್ತವೆ. ಯಾರು ಯಾರ ಮೇಲೆ ದಾಳಿ ಮಾಡುತ್ತಾರೆ ಎಂಬುದು ತಿರುಗುಮುರುಗಾದರೂ ಫಲಿತಾಂಶ ಅದೇ.

ಪತ್ತೆ ಮಾಡುವುದು ಹೇಗೆ?

ಚೂರು ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರಾಯಿತಲ್ಲ ಎನಿಸಬಹುದು. ಆದರೆ ಈ ಕಲೆಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ತೆಗೆದ ಚೂರಿನಲ್ಲಿ ಏನೂ ಸಿಗದೇ ಹೋಗಬಹುದು. ಹಾಗಾಗಿ ವೈದ್ಯರು ನಂಬುವುದು ಊದುವ ಪರೀಕ್ಷೆಯನ್ನು. ಉಸಿರನ್ನು ಪೂರ್ತಿ ಎಳೆದುಕೊಂಡು ಬಲವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಎಂಬುದನ್ನು ಸ್ಪೈರೋಮೀಟರ್ ಅಳೆಯುತ್ತದೆ. ಇದನ್ನು ಎಫ್‌ಇವಿ-1 ಎನ್ನುತ್ತಾರೆ.

ಕಸಿಯ ನಂತರ, ಕನಿಷ್ಠ ಮೂರು ವಾರಗಳ ಅಂತರದಲ್ಲಿ ದೊರೆತ ಎರಡು ಅತ್ಯುತ್ತಮ ಅಳತೆಗಳ ಸರಾಸರಿಯೇ ಆ ವ್ಯಕ್ತಿಯ ಮೂಲ ಅಳತೆ. ಅದರಿಂದ ಶೇ. 20 ಅಥವಾ ಅದಕ್ಕಿಂತ ಹೆಚ್ಚು ಇಳಿದು, ಬೇರೆ ಕಾರಣ ಸಿಗದೆ, ಮೂರು ತಿಂಗಳಾದರೂ ಹಾಗೇ ಉಳಿದರೆ ದೀರ್ಘಕಾಲೀನ ತಿರಸ್ಕಾರ ಖಚಿತವೆಂದು ಪರಿಗಣಿಸಲಾಗುತ್ತದೆ. ಉದಾಹರಣೆಗೆ ಮೂಲ ಅಳತೆ 3 ಲೀಟರ್ ಇದ್ದವರು 2.4 ಲೀಟರಿಗೆ ಇಳಿದರೆ ಗಂಟೆ ಬಾರಿಸಿತು ಎಂದೇ ಅರ್ಥ. 1.5 ಲೀಟರಿಗೆ ಬಂದರೆ ಮೂರನೆಯ ಹಂತ, 1.05 ಲೀಟರ್ ಅಥವಾ ಅದಕ್ಕಿಂತ ಕೆಳಗಿಳಿದರೆ ಕೊನೆಯ, ನಾಲ್ಕನೆಯ ಹಂತ.

ಇದರಲ್ಲೂ ಎರಡು ಮುಖ್ಯ ರೂಪಗಳಿವೆ. ಹೆಚ್ಚಿನವರಲ್ಲಿ ಕಾಣುವುದು ಗಾಳಿಕೊಳವೆಗಳು ಮುಚ್ಚಿಕೊಳ್ಳುವ ರೂಪ. ವೈದ್ಯರ ಭಾಷೆಯಲ್ಲಿ ಬಿಒಎಸ್. ಇನ್ನೊಂದರಲ್ಲಿ ಗಾಳಿಚೀಲಗಳ ಸುತ್ತಲಿನ ಭಾಗವೇ ನಾರುಗಟ್ಟಿ ಶ್ವಾಸಕೋಶ ಕುಗ್ಗುತ್ತದೆ. ಇದರ ಹೆಸರು ಆರ್‌ಎಎಸ್. ಇದನ್ನು ಟೊರಾಂಟೊ ತಂಡ ಪ್ರತ್ಯೇಕವಾಗಿ ಗುರುತಿಸಿದ್ದು 2011ರಲ್ಲಿ. ಬಿಒಎಸ್‌ಗೆ ಹೋಲಿಸಿದರೆ ಆರ್‌ಎಎಸ್ ವೇಗವಾಗಿ ಉಲ್ಬಣಿಸುತ್ತದೆ.

ಔಷಧಗಳು ಏಕೆ ಸಾಲುವುದಿಲ್ಲ?

ಕಸಿಯಾದವರು ಸಾಮಾನ್ಯವಾಗಿ ಜೀವನಪೂರ್ತಿ ಮೂರು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಾರೆ. ಟ್ಯಾಕ್ರೊಲಿಮಸ್ ಟಿ-ಕೋಶ ಎಚ್ಚರಗೊಳ್ಳುವ ಸಂಕೇತವನ್ನೇ ಕತ್ತರಿಸುತ್ತದೆ. ಮೈಕೊಫಿನೋಲೇಟ್ ಈ ಕೋಶಗಳು ಸಂಖ್ಯೆಯಲ್ಲಿ ಬೆಳೆಯುವುದನ್ನು ತಡೆಯುತ್ತದೆ. ಪ್ರೆಡ್ನಿಸೊಲೋನ್ ಒಟ್ಟಾರೆ ಉರಿಯೂತವನ್ನು ತಗ್ಗಿಸುತ್ತದೆ. ಒಂದೇ ಗಾಡಿಗೆ ಮೂರು ಕಡೆ ಬ್ರೇಕ್ ಹಾಕಿದಂತೆ.

ಯಾವ ಬ್ರೇಕ್ ಎಂಬುದೂ ಮುಖ್ಯ. ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂರು ವರ್ಷಗಳ ಹೊತ್ತಿಗೆ ಸೈಕ್ಲೋಸ್ಪೋರಿನ್ ಪಡೆದವರಲ್ಲಿ ಶೇ. 39 ಮಂದಿಗೆ ದೀರ್ಘಕಾಲೀನ ತಿರಸ್ಕಾರ ಕಂಡುಬಂದರೆ, ದಿನಕ್ಕೊಮ್ಮೆ ಟ್ಯಾಕ್ರೊಲಿಮಸ್ ಪಡೆದವರಲ್ಲಿ ಅದು ಶೇ. 13 ಮಾತ್ರ.

ಹಾಗಿದ್ದರೂ ಸಮಸ್ಯೆ ಪೂರ್ತಿ ನೀಗದಿರಲು ಕಾರಣ, ಈ ಔಷಧಗಳು ಮುಖ್ಯವಾಗಿ ಟಿ-ಕೋಶಗಳನ್ನು ಗುರಿಯಾಗಿಸಿಕೊಂಡಿರುವುದು. ಈಗಾಗಲೇ ಪ್ರತಿಕಾಯ ತಯಾರಿಸುತ್ತಿರುವ ಕೋಶಗಳು, ನ್ಯೂಟ್ರೋಫಿಲ್‌ಗಳು, ನಾರು ನೇಯುವ ಕೋಶಗಳ ಮೇಲೆ ಅವುಗಳ ಹಿಡಿತ ಕಡಿಮೆ. ಹಾಗೆಂದು ಬ್ರೇಕನ್ನು ಇನ್ನೂ ಒತ್ತಿದರೆ ಸೋಂಕು, ಮೂತ್ರಪಿಂಡದ ಹಾನಿ, ಮಧುಮೇಹ, ಕೆಲವು ಬಗೆಯ ಕ್ಯಾನ್ಸರ್ ಎದುರಾಗುತ್ತವೆ. ಕ್ಷಯರೋಗ ಇನ್ನೂ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಈ ಸಮತೋಲನ ಮತ್ತಷ್ಟು ಸೂಕ್ಷ್ಮ.

ತಿರಸ್ಕಾರ ಶುರುವಾದ ಮೇಲೆ ಮಾಡುವುದೇನು? ಅಜಿಥ್ರೊಮೈಸಿನ್ ಎಂಬ ಪರಿಚಿತ ಆಂಟಿಬಯೋಟಿಕ್ ಇಲ್ಲಿ ಬೇರೆಯದೇ ಕೆಲಸಕ್ಕೆ ಬರುತ್ತದೆ. ಅದು ನ್ಯೂಟ್ರೋಫಿಲ್ ಉರಿಯೂತವನ್ನು ಇಳಿಸುವುದರಿಂದ ಬಿಒಎಸ್ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿಗೆ ಉಸಿರಿನ ಅಳತೆ ಸುಧಾರಿಸುತ್ತದೆ. ಇನ್ನು ಕೆಲವರಿಗೆ ಫೋಟೊಫೆರಿಸಿಸ್ ಮಾಡುತ್ತಾರೆ: ರಕ್ತದಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಔಷಧ ಬೆರೆಸಿ, ನೇರಳಾತೀತ ಬೆಳಕಿಗೆ ಒಡ್ಡಿ ಮತ್ತೆ ದೇಹಕ್ಕೆ ಸೇರಿಸುವ ಕ್ರಮ ಇದು. ಹೊಟ್ಟೆಯ ಆಮ್ಲ ಉಕ್ಕುವುದು ಕಾರಣವಾಗಿದ್ದರೆ ಅದಕ್ಕೆ ಶಸ್ತ್ರಚಿಕಿತ್ಸೆಯೂ ಇದೆ. ಇವುಗಳಲ್ಲಿ ಹೆಚ್ಚಿನವು ಇಳಿಕೆಯನ್ನು ನಿಧಾನಗೊಳಿಸುತ್ತವೆ, ಕಳೆದುಹೋದದ್ದನ್ನು ಮರಳಿಸುವುದಿಲ್ಲ. ಆಯ್ದ ಕೆಲವರಿಗೆ ಉಳಿಯುವ ಕೊನೆಯ ದಾರಿ ಮರುಕಸಿ.

ತಪ್ಪು ತಿಳಿವಳಿಕೆ, ನಿಜ ಸಂಗತಿ

*ರಕ್ತದ ಗುಂಪು ಹೊಂದಿದರೆ ಸಾಕು, ತಿರಸ್ಕಾರ ಆಗುವುದಿಲ್ಲ.*
ರಕ್ತದ ಗುಂಪು ಹೊಂದುವುದು ಮೊದಲ ಮೆಟ್ಟಿಲು ಮಾತ್ರ. ಎಚ್‌ಎಲ್‌ಎ ಬೇರೆಯೇ ಇರುತ್ತದೆ. ದಾನಿಯಿಂದ ತೆಗೆದ ಶ್ವಾಸಕೋಶವನ್ನು ಕೆಲವೇ ಗಂಟೆಗಳೊಳಗೆ ಜೋಡಿಸಬೇಕಾದ್ದರಿಂದ ಎಚ್‌ಎಲ್‌ಎ ಪೂರ್ತಿ ಹೊಂದುವವರನ್ನೇ ಹುಡುಕುತ್ತ ಕೂರುವಂತಿಲ್ಲ.

*ರಕ್ತಸಂಬಂಧಿಯ ಅಂಗವಾದರೆ ಅಪಾಯವಿಲ್ಲ.*
ಅಪಾಯ ಕಡಿಮೆಯಾಗಬಹುದು, ಇಲ್ಲವಾಗದು. ಪೂರ್ತಿ ವಿನಾಯಿತಿ ಇರುವುದು ತದ್ರೂಪಿ ಅವಳಿಗಳಿಗಷ್ಟೆ. 1954ರಲ್ಲಿ ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ಮಾಡಿದ ಮೂತ್ರಪಿಂಡ ಕಸಿ ಗೆದ್ದದ್ದು ದಾನಿ ಮತ್ತು ರೋಗಿ ತದ್ರೂಪಿ ಅವಳಿಗಳಾಗಿದ್ದರಿಂದಲೇ.

*ಇಮ್ಯೂನಿಟಿ ಹೆಚ್ಚಿಸುವ ಕಷಾಯ, ಪುಡಿ ಯಾರಿಗಾದರೂ ಒಳ್ಳೆಯದೇ.*
ಕಸಿಯಾದವರು ಯಾವ ವ್ಯವಸ್ಥೆಯನ್ನು ಹತೋಟಿಯಲ್ಲಿಡಲು ಮಾತ್ರೆ ನುಂಗುತ್ತಾರೋ, ಅದನ್ನೇ ಕೆರಳಿಸುವ ಉದ್ದೇಶದ ವಸ್ತುವನ್ನು ಕುಡಿಯುವುದು ಒಂದು ಕೈಯಲ್ಲಿ ಬ್ರೇಕ್, ಇನ್ನೊಂದರಲ್ಲಿ ವೇಗ ಕೊಟ್ಟಂತೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಲೆಕ್ಕವಿಲ್ಲದೆ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. 'ಗಿಡಮೂಲಿಕೆ ತಾನೇ' ಎಂಬ ಧೈರ್ಯ ಇಲ್ಲಿ ಬೇಡ; ಯಾವುದನ್ನೇ ಶುರು ಮಾಡುವ ಮುನ್ನ ಕಸಿ ತಂಡವನ್ನು ಕೇಳಬೇಕು.

*ಹಣ್ಣು ಎಷ್ಟು ತಿಂದರೂ ನಡೆಯುತ್ತದೆ.*
ಹೆಚ್ಚಿನ ಹಣ್ಣುಗಳಿಗೆ ಈ ಮಾತು ಸರಿ. ಆದರೆ ದ್ರಾಕ್ಷಿಹಣ್ಣಲ್ಲದ, ಕಿತ್ತಳೆ ಜಾತಿಯ 'ಗ್ರೇಪ್‌ಫ್ರೂಟ್' ಮತ್ತು ಅದರ ಹತ್ತಿರದ ನೆಂಟ, ನಮ್ಮ ದೇವನಹಳ್ಳಿಗೆ ಹೆಸರು ತಂದ ಚಕ್ಕೋತ ಎರಡರಲ್ಲೂ ಟ್ಯಾಕ್ರೊಲಿಮಸನ್ನು ಕರಗಿಸುವ ಕಿಣ್ವವನ್ನು ತಡೆಯುವ ವಸ್ತುಗಳಿವೆ. ತಿಂದರೆ ರಕ್ತದಲ್ಲಿ ಔಷಧದ ಮಟ್ಟ ಏರಿ ವಿಷಕಾರಿಯಾಗಬಹುದು.

*ತಿರಸ್ಕಾರ ಆಯಿತೆಂದರೆ ರೋಗಿ ಅಜಾಗರೂಕತೆ ಮಾಡಿರಬೇಕು.*
ಮಾತ್ರೆ ತಪ್ಪಿಸಿದರೆ ಅಪಾಯ ಹೆಚ್ಚುವುದು ನಿಜ. ಆದರೆ ಒಂದು ಹೊತ್ತೂ ತಪ್ಪಿಸದವರಲ್ಲೂ ಇದು ಬರುತ್ತದೆ. ಕಾರಣಗಳಲ್ಲಿ ಹಲವು ಯಾರ ಕೈಯಲ್ಲೂ ಇಲ್ಲ. ರೋಗಿಯನ್ನು ದೂರುವುದರಿಂದ ಆಗುವ ಒಂದೇ ಪರಿಣಾಮ, ಮುಂದಿನ ಸಲ ಅವರು ತೊಂದರೆಯನ್ನು ಹೇಳಿಕೊಳ್ಳಲು ಹಿಂಜರಿಯುವುದು.

*ಲಸಿಕೆ ಹಾಕಿಸಿದರೆ ತಿರಸ್ಕಾರ ಶುರುವಾಗುತ್ತದೆ.*
ಫ್ಲೂ, ನ್ಯುಮೋನಿಯಾ ಮುಂತಾದವುಗಳ ನಿಷ್ಕ್ರಿಯ ಲಸಿಕೆಗಳನ್ನು ವೈದ್ಯರೇ ಹಾಕಿಸಿಕೊಳ್ಳಲು ಹೇಳುತ್ತಾರೆ, ಏಕೆಂದರೆ ಸೋಂಕು ಲಸಿಕೆಗಿಂತ ದೊಡ್ಡ ಪ್ರಚೋದನೆ. ಜೀವಂತ ರೋಗಾಣುಗಳನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆಗಳನ್ನು ಮಾತ್ರ ಸಾಮಾನ್ಯವಾಗಿ ಕೊಡುವುದಿಲ್ಲ.

ರೋಗಿಗಳೂ ಮನೆಯವರೂ ಗಮನಿಸಬೇಕಾದ್ದು

ಮನೆಯಲ್ಲೇ ಊದಿ ನೋಡುವ ಸಣ್ಣ ಸ್ಪೈರೋಮೀಟರ್ ಇದ್ದರೆ ಅದರ ಅಳತೆಯನ್ನು ಪ್ರತಿದಿನ ಒಂದೇ ಹೊತ್ತಿನಲ್ಲಿ ಬರೆದಿಡಬೇಕು. ಶೇ. 10ರಷ್ಟು ಇಳಿಕೆ ಕಂಡು ಒಂದೆರಡು ದಿನ ಹಾಗೇ ಉಳಿದರೂ ಕಸಿ ತಂಡಕ್ಕೆ ತಿಳಿಸುವುದು ಒಳ್ಳೆಯದು. ಮುಂದಿನ ತಪಾಸಣೆಯ ದಿನ ಹೇಳೋಣ ಎಂದು ಕಾಯಬಾರದು. ಮಾತ್ರೆಯನ್ನು ಗಡಿಯಾರ ನೋಡಿ ತೆಗೆದುಕೊಳ್ಳಬೇಕು. ನೆಗಡಿ, ಜ್ವರ ಇರುವವರು ಹತ್ತಿರ ಬರದಿರುವುದು, ಜನಸಂದಣಿಯಲ್ಲಿ ಮಾಸ್ಕ್ ಧರಿಸುವುದು, ಹೊಗೆ ಮತ್ತು ಬೂಸ್ಟಿನಿಂದ ದೂರವಿರುವುದು, ಎದೆಯುರಿಯನ್ನು ಮುಚ್ಚಿಡದೆ ಹೇಳುವುದು ಇವೆಲ್ಲ ಸಣ್ಣ ಸಂಗತಿಗಳಂತೆ ಕಂಡರೂ ಒಂದೊಂದೂ ಒಂದು ಗಾಯವನ್ನು ತಪ್ಪಿಸುತ್ತದೆ.

ಮುಂದಿನ ದಾರಿ: ನಿಗ್ರಹವಲ್ಲ, ಒಪ್ಪಂದ

ಇಲ್ಲಿಯವರೆಗಿನ ಚಿಕಿತ್ಸೆಯ ತಿರುಳು ರೋಗನಿರೋಧಕ ವ್ಯವಸ್ಥೆಯನ್ನು ಅದುಮಿಡುವುದು. ವಿಜ್ಞಾನಿಗಳ ಗುರಿ ಬೇರೆ: ಈ ಒಂದು ಅಂಗವನ್ನು ಮಾತ್ರ ನಮ್ಮದೆಂದು ಒಪ್ಪಿಕೋ, ಉಳಿದ ಶತ್ರುಗಳ ಮೇಲೆ ಎಂದಿನಂತೆ ಹೋರಾಡು ಎಂದು ಅದಕ್ಕೆ ಕಲಿಸುವುದು. ಇದು ಅಸಾಧ್ಯವಲ್ಲ ಎಂಬ ಸುಳಿವನ್ನು ಪೀಟರ್ ಮೆಡವಾರ್ ತಂಡ 1950ರ ದಶಕದಲ್ಲೇ ಇಲಿಗಳಲ್ಲಿ ತೋರಿಸಿತ್ತು. ಅದಕ್ಕಾಗಿ ಅವರಿಗೆ 1960ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ನಮ್ಮ ದೇಹದಲ್ಲೇ ಇರುವ, ಉಳಿದ ಟಿ-ಕೋಶಗಳನ್ನು ಸಮಾಧಾನಪಡಿಸುವ 'ನಿಯಂತ್ರಕ ಟಿ-ಕೋಶ'ಗಳ ಕುರಿತ ಸಂಶೋಧನೆಗೆ 2025ರ ನೊಬೆಲ್ ಸಂದಿತು. ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಾಗುಚಿ ಆ ಗೌರವ ಪಡೆದವರು. ಈ ಶಾಂತಿದೂತ ಕೋಶಗಳನ್ನು ಹೊರಗೆ ಬೆಳೆಸಿ ಕಸಿ ರೋಗಿಗಳಿಗೆ ಕೊಡುವ ಪ್ರಯೋಗಗಳು ನಡೆಯುತ್ತಿವೆ. ಅಂಗಗಳ ಪೈಕಿ ಶ್ವಾಸಕೋಶವೇ ಇಲ್ಲಿಯೂ ಅತಿ ಕಷ್ಟದ ವಿದ್ಯಾರ್ಥಿ, ಏಕೆಂದರೆ ಅದರ ಬಾಗಿಲಿನ ಗದ್ದಲ ಎಂದೂ ನಿಲ್ಲುವುದಿಲ್ಲ.

2010ರ ದಶಕದಲ್ಲಿ ಶ್ವಾಸಕೋಶ ಕಸಿಯಾದ ವಯಸ್ಕರಲ್ಲಿ ಅರ್ಧದಷ್ಟು ಮಂದಿ ಆರೂವರೆ ವರ್ಷಕ್ಕಿಂತ ಹೆಚ್ಚು ಕಾಲ ಬದುಕಿದ್ದಾರೆಂದು ಅಂತರರಾಷ್ಟ್ರೀಯ ದಾಖಲೆಗಳು ಹೇಳುತ್ತವೆ. ಹೃದಯ ಕಸಿಯಲ್ಲಿ ಇದು ಹನ್ನೆರಡು ವರ್ಷಕ್ಕೂ ಹೆಚ್ಚು. ಈ ಎರಡು ಅಂಕಿಗಳ ನಡುವಿನ ಅಂತರಕ್ಕೆ ಅತಿ ದೊಡ್ಡ ಕಾರಣ ದೀರ್ಘಕಾಲೀನ ತಿರಸ್ಕಾರ. ಅಂತರ ಕಡಿಮೆಯಾದಷ್ಟೂ ಒಂದು ಕುಟುಂಬ ತನ್ನ ದುಃಖದ ನಡುವೆಯೂ ಕೊಟ್ಟ ದಾನಕ್ಕೆ ಆಯುಸ್ಸು ಹೆಚ್ಚುತ್ತದೆ. ಕರ್ನಾಟಕದಲ್ಲಿ ಅಂಗದಾನದ ನೋಂದಣಿ ಮತ್ತು ಹಂಚಿಕೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಹೆಸರು 'ಜೀವಸಾರ್ಥಕತೆ'. ದಾನವಾಗಿ ಬಂದ ಶ್ವಾಸಕೋಶ ಹೆಚ್ಚು ವರ್ಷ ಉಸಿರಾಡಿದಾಗಲೇ ಆ ಹೆಸರು ಇನ್ನಷ್ಟು ನಿಜವಾಗುವುದು.